ಅಲ್ಲೇ ಅಲ್ಲ, ಅಲೆಯೂ ಅಲ್ಲ, ಅಲೇ

ಈ ಮಳೆಗಾಲದಲ್ಲಿ ಒಂದು ಇಂಗ್ಲಿಷ್ ಪದ ನನ್ನ ತಲೆ ತಿಂದಿತು, ಸರಿಯಾಗಿ ಹತ್ತು ದಿನ. ದೊಡ್ಡ ಪದ ಏನಲ್ಲ, ಐದೇ ಅಕ್ಷರ. ಎ, ಎರಡು ಎಲ್, ಮತ್ತೆ ಎ, ಕೊನೆಗೆ ವೈ. ಹೇಳುವುದು ‘ಅಲೇ’ ಅಂತ, ಒತ್ತು ಕೊನೆಯ ‘ಲೇ’ ಮೇಲೆ.

ನಾನು ಉಡುಪಿಯಲ್ಲಿ ಮನೆಯಲ್ಲೇ ಕೂತು ಅನುವಾದದ ಕೆಲಸ ಮಾಡುತ್ತೇನೆ. ಅನುವಾದ ಅಂದ ಕೂಡಲೇ ಕತೆ, ಕಾದಂಬರಿ ಅಂತ ಅಂದುಕೊಳ್ಳಬೇಡಿ. ಮಿಕ್ಸಿಯ ಜೊತೆ ಬರುವ ಪುಸ್ತಿಕೆ, ವಿಮೆಯ ಕಾಗದ, ‘ಈ ಔಷಧಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ’ ಇಂಥದ್ದು. ಜೂನ್ ಕೊನೆಗೆ ಮಂಗಳೂರಿನ ಒಂದು ಕಣ್ಣಾಸ್ಪತ್ರೆಯ ಕೆಲಸ ಬಂತು. ಪೊರೆಯ ಆಪರೇಷನ್ ಮಾಡಿಸಿಕೊಳ್ಳುವವರಿಗೆ ಕೊಡುವ ಎರಡು ಪುಟದ ಮಾಹಿತಿ ಪತ್ರ. ಎಲ್ಲ ಸಲೀಸಾಗಿ ಮುಗಿಯಿತು, ಕೊನೆಯ ಸಾಲು ಒಂದು ಬಿಟ್ಟು. ‘ವಿ ಹೋಪ್ ದಿಸ್ ವಿಲ್ ಅಲೇ ಯುವರ್ ಫಿಯರ್ಸ್.’

ಅರ್ಥ ಗೊತ್ತಿಲ್ಲ ಅಂತಲ್ಲ. ಭಯ ಕಡಿಮೆ ಮಾಡುವುದು, ಅಷ್ಟೇ ಅಲ್ವಾ. ಡಿಕ್ಷನರಿ ತೆಗೆದರೆ ಶಮನಗೊಳಿಸು, ಉಪಶಮನ ಮಾಡು, ತಗ್ಗಿಸು, ಶಾಂತಗೊಳಿಸು ಎಲ್ಲ ಸಾಲಾಗಿ ನಿಂತಿವೆ. ನಾನು ಹೆಚ್ಚು ಯೋಚನೆ ಮಾಡದೆ ‘ಇದು ನಿಮ್ಮ ಭಯವನ್ನು ಶಮನಗೊಳಿಸುತ್ತದೆ ಎಂದು ನಂಬಿದ್ದೇವೆ’ ಅಂತ ಬರೆದು, ಪ್ರಿಂಟ್ ತೆಗೆದು, ಅಪ್ಪನ ಕೈಗೆ ಕೊಟ್ಟೆ. ಅಪ್ಪನಿಗೆ ಕೊಡಲು ಕಾರಣ ಇತ್ತು. ಅವರ ಬಲಗಣ್ಣಿಗೂ ಪೊರೆ ಬಂದಿತ್ತು, ಕೆಲವೇ ದಿನಗಳಲ್ಲಿ ಮಂಗಳೂರಿನಲ್ಲಿ ಆಪರೇಷನ್ ಅಂತ ದಿನವೂ ನಿಶ್ಚಯವಾಗಿತ್ತು. ಹೆದರಿದವರಿಗೆ ಅಂತ ಬರೆದದ್ದನ್ನು ಹೆದರಿದವರೇ ಓದಿ ಹೇಳಲಿ ಅಂತ.

ಅಪ್ಪ ಭೂತಗನ್ನಡಿ ಹಿಡಿದು, ಕಿಟಕಿ ಹತ್ತಿರ ಕೂತು, ಎರಡೂ ಪುಟ ಓದಿದರು. ಕೊನೆಯ ಸಾಲಿಗೆ ಬಂದಾಗ ಭೂತಗನ್ನಡಿ ನಿಂತಿತು.

‘ಶಮನ ಅಂದರೆ ಯಾರು ಗೊತ್ತುಂಟಾ ನಿನಗೆ?’

‘ಯಾರು ಅಂದ್ರೆ?’

‘ಯಮ. ಅಮರಕೋಶದಲ್ಲಿ ಯಮನ ಹೆಸರುಗಳ ಸಾಲಿನಲ್ಲೇ ಉಂಟು. ಆಪರೇಷನಿಗೆ ಹೋಗುವವನ ಕೈಯಲ್ಲಿ ಯಮನ ಹೆಸರು ಬರೆದ ಚೀಟಿ ಕೊಡ್ತೀಯಲ್ಲ ಮಾರಾಯ್ತಿ.’

ನಮ್ಮ ಅಪ್ಪ ನಿವೃತ್ತ ಮೇಷ್ಟ್ರು. ಅದಕ್ಕಿಂತ ಹೆಚ್ಚಾಗಿ ತಾಳಮದ್ದಳೆಯ ಹುಚ್ಚು, ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ಎಲ್ಲೆಲ್ಲಿ ತಾಳಮದ್ದಳೆ ಉಂಟು ಅಂತ ಹುಡುಕಿಕೊಂಡು ಹೋಗಿ ಎದುರಿನ ಸಾಲಿನಲ್ಲಿ ಕೂರುವ ಜಾತಿ. ಅರ್ಥಧಾರಿಗಳ ಬಾಯಿಂದ ಇಂಥದ್ದೆಲ್ಲ ಕೇಳಿ ಕೇಳಿ ತಲೆಯಲ್ಲಿ ತುಂಬಿಕೊಂಡಿರುತ್ತಾರೆ. ಅವರು ತಮಾಷೆಗೆ ಹೇಳಿದ್ದು ಅಂತ ನನಗೆ ಗೊತ್ತು. ಆದರೆ ಯಮನ ಹೆಸರು ತೆಗೆದದ್ದು ಪೂರ್ತಿ ತಮಾಷೆಗಲ್ಲ ಅಂತಲೂ ಗೊತ್ತಾಯಿತು. ಸಾಲು ಹೊಡೆದು ಹಾಕಿದೆ.

ಮರುದಿನ ಅದೇ ಪದ ಇನ್ನೊಂದು ದಿಕ್ಕಿನಿಂದ ಬಂತು. ಅಕ್ಕನ ಮಗಳು ಮಂಗಳೂರಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಫೋನ್ ಮಾಡಿ, ‘ಚಿಕ್ಕಮ್ಮಾ, ಅಲೇ ಮತ್ತು ಅಲೈ ಒಂದೇನಾ? ಎರಡೂ ನಂಗೆ ಉಲ್ಟಾ ಆಗ್ತದೆ’ ಅಂತ ಕೇಳಿದಳು. ಪಾಪ, ಅವಳ ತಪ್ಪಲ್ಲ. ಆ ಮನೆತನವೇ ಹಾಗೆ. ಒಂದೇ ಅಕ್ಷರ ಅಲ್ಲಿ ಇಲ್ಲಿ ಸರಿದರೆ ಸಾಕು, ಅರ್ಥ ಬೇರೆ. ಕೊನೆಯ ಎ ತೆಗೆದರೆ ‘ಆಲೈ’, ಮಿತ್ರ ರಾಷ್ಟ್ರ, ಮಿತ್ರ ಪಕ್ಷ ಅಂತೆಲ್ಲ ಹೇಳ್ತೇವಲ್ಲ ಅದು. ಎ ಬದಲು ಇ ಹಾಕಿದರೆ ‘ಆಲಿ’, ಎರಡು ಗೋಡೆಗಳ ನಡುವಿನ ಓಣಿ. ಓ ಹಾಕಿದರೆ ‘ಆಲಾಯ್’, ಕಂಚು, ಹಿತ್ತಾಳೆಯಂಥ ಮಿಶ್ರಲೋಹ. ನಮ್ಮ ಅಲೇಗೆ ಇವರಲ್ಲಿ ಒಬ್ಬರ ಜೊತೆ ಮಾತ್ರ ಹಳೆಯ ಸಂಬಂಧ ಉಂಟು, ಅದನ್ನು ಆಮೇಲೆ ಹೇಳುತ್ತೇನೆ.

ಅವಳಿಗೆ ಒಂದು ವಾಕ್ಯ ಮಾಡು ಅಂದೆ. ‘ದ ಡಾಕ್ಟರ್ ಅಲೇಡ್ ಮೈ ಗ್ರ್ಯಾಂಡ್‌ಫಾದರ್’ ಅಂದಳು. ಡಾಕ್ಟರು ಅಜ್ಜನನ್ನು ಅಲೇ ಮಾಡಿದರು. ಇಲ್ಲೇ ಎಡವುವುದು. ಈ ಕ್ರಿಯಾಪದಕ್ಕೆ ಮನುಷ್ಯ ಬೇಡ. ಅದಕ್ಕೆ ಬೇಕಾದದ್ದು ಮನುಷ್ಯನೊಳಗೆ ಇರುವ ಭಯ, ಸಂಶಯ, ಆತಂಕ, ಗುಮಾನಿ. ‘ಅಲೇಡ್ ಮೈ ಗ್ರ್ಯಾಂಡ್‌ಫಾದರ್ಸ್ ಫಿಯರ್ಸ್’ ಅಂದರೆ ಸರಿ. ಅಜ್ಜನನ್ನೇ ಹಿಡಿಯಬೇಕು ಅಂತಿದ್ದರೆ ‘ರೀಅಶ್ಯೂರ್’ ಅಂತ ಬೇರೆ ಪದ ಉಂಟು, ಅದು ಮನುಷ್ಯನನ್ನು ಹಿಡಿಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ, ಈಗಲೂ ಸ್ವಲ್ಪ ಗತ್ತಿನ ಬರವಣಿಗೆಯಲ್ಲಿ, ಹಸಿವು, ಬಾಯಾರಿಕೆ, ನೋವು ಇವಕ್ಕೂ ಅಲೇ ಬಳಸುತ್ತಾರೆ. ಆದರೆ ಈಗ ನಾವು ಓದುವ ಕಡೆ ಹೆಚ್ಚಾಗಿ ಭಯ ಮತ್ತು ಸಂಶಯದ ಜೊತೆಗೇ ಕಾಣುವುದು. ಭೂತಕಾಲದಲ್ಲಿ ವೈ ಹಾಗೇ ಉಳಿದು ‘ಅಲೇಡ್’. ‘ಲೇ’ಗೆ ‘ಲೇಡ್’ ಬರೆಯುವಾಗ ವೈ ಹೋಗಿ ಐ ಬರುತ್ತದಲ್ಲ, ಇಲ್ಲಿ ಹಾಗಾಗುವುದಿಲ್ಲ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾರ್ಕು ಹೋಯಿತು.

ಅವಳು ಸಿಕ್ಕಾಪಟ್ಟೆ ಬುದ್ಧಿವಂತೆ. ‘ಹಾಗಾದ್ರೆ ಅಲೇ ಮಾಡಿದ ಮೇಲೆ ಭಯ ಪೂರ್ತಿ ಹೋಯ್ತಾ, ಸ್ವಲ್ಪ ಉಳೀತಾ?’ ಅಂತ ಕೇಳಿದಳು.

ನನಗೆ ಆ ಕ್ಷಣಕ್ಕೆ ಹೊಳೆದದ್ದು ಜ್ವರ. ಮಕ್ಕಳಿಗೆ ಜ್ವರ ಬಂದಾಗ ನಾವು ಎರಡು ಮಾತು ಹೇಳುತ್ತೇವೆ. ‘ಜ್ವರ ಇಳಿದಿದೆ’ ಒಂದು, ‘ಜ್ವರ ಬಿಟ್ಟಿದೆ’ ಇನ್ನೊಂದು. ಮಾತ್ರೆ ಕೊಟ್ಟು, ಒದ್ದೆ ಬಟ್ಟೆ ಹಾಕಿ, ರಾತ್ರಿ ಎರಡು ಗಂಟೆಗೆ ಹಣೆ ಮುಟ್ಟಿ ನೋಡಿದಾಗ ಅದು ಇಳಿದಿರುತ್ತದೆ, ಬಿಟ್ಟಿರುವುದಿಲ್ಲ, ಬೆಳಿಗ್ಗೆ ಮತ್ತೆ ಏರಬಹುದು ಅಂತ ಗೊತ್ತಿದ್ದೇ ನಾವು ಒಂದು ಗಳಿಗೆ ಮಲಗುತ್ತೇವೆ. ಅಲೇ ಅಂದರೆ ಆ ಇಳಿಯುವುದು. ಪೂರ್ತಿ ಬಿಡಿಸಿ ಓಡಿಸುವುದಕ್ಕೆ ‘ಡಿಸ್‌ಪೆಲ್’ ಅಂತ ಬೇರೆ ಪದ ಉಂಟು. ಕೆಲವು ಸಲ ಅಲೇ ಮಾಡಿದ ಭಯ ಪೂರ್ತಿಯೂ ಹೋಗಬಹುದು, ಹೋಗಬಾರದು ಅಂತ ನಿಯಮ ಇಲ್ಲ. ಆದರೆ ಪದ ಕೊಡುವ ಗ್ಯಾರಂಟಿ ಇಳಿಯುವಷ್ಟಕ್ಕೇ.

ನೋಡಿ, ಕನ್ನಡದಲ್ಲಿ ಹೆದರಿಕೆಯೂ ಜ್ವರದ ಹಾಗೇ. ನಾವು ಹೆದರಿಕೆಯನ್ನು ‘ಮಾಡುವುದಿಲ್ಲ’. ಅದು ನಮಗೆ ‘ಆಗುತ್ತದೆ’. ನನಗೆ ಹೆದರಿಕೆ ಆಯಿತು, ಹೆದರಿಕೆ ಹಿಡಿಯಿತು, ಹೆದರಿಕೆ ಬಿಟ್ಟಿತು. ಎಲ್ಲಿಂದಲೋ ಬಂದು ಮೈಮೇಲೆ ಕೂತು ಹೋಗುವ ಸಂಗತಿ. ಅದನ್ನು ಇನ್ನೊಬ್ಬರು ಇಳಿಸುವುದಕ್ಕೆ ಆಡುಮಾತಿನಲ್ಲಿ ಒಂದು ನೇರ ಕ್ರಿಯಾಪದ ಹುಡುಕಿ ನೋಡಿ, ಕಷ್ಟ ಇದೆ. ಭಯ ನೀಗಿಸು, ಹೋಗಲಾಡಿಸು ಎಲ್ಲ ಪುಸ್ತಕದವು. ಮನೆಯಲ್ಲಿ ಯಾರು ‘ಹೋಗಲಾಡಿಸು’ ಅಂತಾರೆ? ಮನೆಯಲ್ಲಿ ನಾವು ಹೇಳುವುದು ಧೈರ್ಯ ಹೇಳು, ಧೈರ್ಯ ತುಂಬು, ಸಮಾಧಾನ ಮಾಡು. ಭಯದ ಹೆಸರೇ ಇಲ್ಲ. ನಾವು ಮನುಷ್ಯನ ಹತ್ತಿರ ಹೋಗಿ ಕೂರುತ್ತೇವೆ, ಅವನಿಗೆ ಧೈರ್ಯ ಕೊಡುತ್ತೇವೆ. ಭಯದ ಕತೆ ಎಂತ ಆಯಿತು ಅಂತ ಕೇಳುವುದಿಲ್ಲ.

ಪದದ ಬೇರಿಗೆ ಹೋದರೆ ಇನ್ನೂ ಮಜಾ ಉಂಟು. ಅಲೇ ಹುಟ್ಟಿದ್ದು ಹಳೆಯ ಇಂಗ್ಲಿಷಿನ ‘ಆಲೆಜ್ಜನ್’ ಎಂಬ ಪದದಿಂದ. ಅದರ ಅರ್ಥ ಕೆಳಗೆ ಇಡು, ಇಳಿಸು. ಒಳಗಿರುವ ‘ಲೇ’ ನಾವು ಈಗಲೂ ಬಳಸುವ ‘ಇಡು’ ಅರ್ಥದ ಲೇ. ಆಮೇಲೆ ಫ್ರೆಂಚಿನಿಂದ ಇಂಗ್ಲಿಷಿಗೆ ಇನ್ನೊಂದು ಪದ ಬಂತು, ಹೆಚ್ಚು ಕಡಿಮೆ ಇದರ ಹಾಗೇ ಕೇಳುವಂಥದ್ದು. ಅದರ ಅರ್ಥ ಹಗುರ ಮಾಡು. ಅದರ ಮೂಲ ಲ್ಯಾಟಿನಿನ ‘ಲೆವಿಸ್’, ಹಗುರ ಅಂತ. ‘ಅಲೀವಿಯೇಟ್’ ಎಂಬ ಪದವೂ ಆ ಕಡೆಯದ್ದೇ. ಎರಡು ಬೇರೆ ಬೇರೆ ಮನೆಯ ಪದಗಳು, ಸದ್ದು ಒಂದೇ ಥರ, ಅರ್ಥವೂ ಹತ್ತಿರ. ಜನರ ಬಾಯಲ್ಲಿ ಕಲಸಿಹೋಗಿ ಒಂದಾದವು. ಇಳಿಸು ಮತ್ತು ಹಗುರ ಮಾಡು. ಹೊರೆ ಹೊತ್ತವರಿಗೆ ಇವೆರಡು ಒಂದೇ ಕೆಲಸ ಅಲ್ವಾ? ಹಿಂದೆ ಸಂತೆಗೆ ನಡೆದು ಹೋಗುವವರಿಗೆ ತಲೆಹೊರೆ ಇಳಿಸಲು ದಾರಿಯ ಬದಿ ಎದೆಯೆತ್ತರಕ್ಕೆ ಕಲ್ಲು ಇಡುತ್ತಿದ್ದರು ಅಂತ ಅಪ್ಪ ಹೇಳುತ್ತಾರೆ. ಅಲ್ಲಿ ಇಳಿಸಿ, ಬೆವರು ಒರೆಸಿ, ಬೆಲ್ಲ ನೀರು ಕುಡಿದು, ಮತ್ತೆ ಅದೇ ಹೊರೆ ಹೊತ್ತು ಹೊರಡುವುದು.

ಮಿಶ್ರಲೋಹದ ಸಂಬಂಧ ಹೇಳ್ತೇನೆ ಅಂದಿದ್ದೆ. ಒಂದು ಕಾಲದಲ್ಲಿ ಚಿನ್ನಕ್ಕೆ ಕಮ್ಮಿ ಬೆಲೆಯ ಲೋಹ ಬೆರೆಸುವುದಕ್ಕೂ ಇಂಗ್ಲಿಷಿನಲ್ಲಿ ಅಲೇ ಅಂತಲೇ ಬರೆಯುತ್ತಿದ್ದರು. ಆಲಾಯ್ ಮತ್ತು ಅಲೇ ಬೆರೆತುಹೋಗಿದ್ದವು. ದ್ರಾಕ್ಷಾರಸಕ್ಕೆ ನೀರು ಬೆರೆಸಿ ಖಡಕ್ಕು ಕಮ್ಮಿ ಮಾಡುವುದಕ್ಕೂ ಅದೇ ಪದ. ಸಾರಿಗೆ ಖಾರ ಜಾಸ್ತಿ ಆದಾಗ ತೆಂಗಿನ ಹಾಲು ಹೊಯ್ಯುತ್ತೇವಲ್ಲ, ಥೇಟ್ ಹಾಗೆ. ಹಾಕಿದ ಮೆಣಸು ಎಲ್ಲೂ ಹೋಗಿರುವುದಿಲ್ಲ. ನಾಲಿಗೆಗೆ ಗೊತ್ತಾಗುವುದು ಕಮ್ಮಿ, ಅಷ್ಟೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಬೇರೆ. ಕನ್ನಡದಲ್ಲಿ ಕೊನೆಯ ಸ್ವರ ಗಿಡ್ಡ ಮಾಡಿದರೆ ಇದು ‘ಅಲೆ’ ಆಗುತ್ತದೆ, ಸಮುದ್ರದ ಅಲೆ. ಸುಮ್ನೆ ಸದ್ದಿನ ಆಟ, ಸಂಬಂಧ ಎಂತದೂ ಇಲ್ಲ ಅಂತ ನಗುತ್ತಿದ್ದೆ. ಹುಡುಕುತ್ತಾ ಹೋದರೆ ಷೇಕ್ಸ್‌ಪಿಯರನ ‘ದ ಟೆಂಪೆಸ್ಟ್’ ಸಿಕ್ಕಿತು. 1611ರಲ್ಲಿ ಆಡಿದ ದಾಖಲೆ ಇರುವ ನಾಟಕ. ಶುರುವಿನಲ್ಲೇ ಸಮುದ್ರದಲ್ಲಿ ಬಿರುಗಾಳಿ. ದಡದಲ್ಲಿ ನಿಂತ ಮಿರಾಂಡಾ, ಈ ಹುಚ್ಚು ನೀರನ್ನು ಎಬ್ಬಿಸಿದ್ದು ನಿನ್ನ ವಿದ್ಯೆಯೇ ಆದರೆ ಅದನ್ನು ಇಳಿಸು ಅಂತ ಅಪ್ಪನನ್ನು ಬೇಡುತ್ತಾಳೆ. ಅಲ್ಲಿ ಷೇಕ್ಸ್‌ಪಿಯರ್ ಬಳಸಿದ ಪದ ಅಲೇ. ಅಂದರೆ ಅಲೆಯನ್ನು ಅಲೇ ಮಾಡು ಅಂತ! ಸ್ವಲ್ಪ ಮುಂದೆ ಫರ್ಡಿನೆಂಡ್ ಎಂಬ ಹುಡುಗ, ಎಲ್ಲಿಂದಲೋ ಕೇಳಿದ ಸಂಗೀತ ನೀರಿನ ಸಿಟ್ಟನ್ನೂ ತನ್ನ ದುಃಖವನ್ನೂ ಒಟ್ಟಿಗೆ ಇಳಿಸಿತು ಅನ್ನುವಾಗಲೂ ಇದೇ ಪದ. ಜುಲೈಯಲ್ಲಿ ಕಾಪು ಕಡಲ ಬದಿ ಒಮ್ಮೆ ನಿಂತು ನೋಡಿದವರಿಗೆ ಮಿರಾಂಡಾ ಏನು ಕೇಳುತ್ತಿದ್ದಾಳೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಹಾಕಿರುತ್ತವೆ. ಆ ಎರಡು ತಿಂಗಳು ಕಡಲಿನ ಸದ್ದು ರಸ್ತೆವರೆಗೂ ಕೇಳುತ್ತದೆ.

ಈಗ ಪೇಪರಿನ ವಿಷಯ. ಇಂಗ್ಲಿಷ್ ಪೇಪರುಗಳಲ್ಲಿ ಅಲೇ ಒಂಟಿಯಾಗಿ ಬರುವುದು ಕಡಿಮೆ. ‘ಟ್ರೈಡ್ ಟು ಅಲೇ’, ‘ಸಾಟ್ ಟು ಅಲೇ’, ‘ಡಿಡ್ ಲಿಟ್ಲ್ ಟು ಅಲೇ’. ಭಯ ಇಳಿಸಲು ಪ್ರಯತ್ನಪಟ್ಟರು, ಇಳಿಸಲು ನೋಡಿದರು, ಹೇಳಿಕೆಯಿಂದ ಭಯ ಏನೂ ಇಳಿಯಲಿಲ್ಲ. ಪದದ ಹಿಂದೆಯೇ ಸಣ್ಣ ಸೋಲೊಂದು ನಡೆದುಕೊಂಡು ಬರುವ ಹಾಗೆ. ಕನ್ನಡ ಪೇಪರಿನಲ್ಲಿ ಇದರ ಜಾಗದಲ್ಲಿ ಇರುವುದು ಒಂದೇ ಅಚ್ಚಿನ ವಾಕ್ಯ: ‘ಸಾರ್ವಜನಿಕರು ಆತಂಕ ಪಡುವ ಅಗತ್ಯವಿಲ್ಲ.’ ಕಡಲ್ಕೊರೆತ ಇರಲಿ, ಜ್ವರ ಇರಲಿ, ಅಣೆಕಟ್ಟಿನ ನೀರು ಬಿಡುವುದಿರಲಿ, ಎಲ್ಲಕ್ಕೂ ಅದೇ. ಅಗತ್ಯ ಇದೆ ಅಂತ ಯಾರು ಆತಂಕ ಪಡುತ್ತಾರೆ ಮಾರಾಯ್ರೆ? ನಮ್ಮ ಮನೆಯಲ್ಲಂತೂ ಆ ಸಾಲು ಓದಿದ ಕೂಡಲೇ ಅಮ್ಮ ‘ಏನೋ ಉಂಟು’ ಅಂತ ಅಕ್ಕಿ ಜಾಸ್ತಿ ತರಿಸುತ್ತಾಳೆ.

ಬ್ಯಾಂಕಿನ ಕತೆ ಇದಕ್ಕೆ ಸರಿಯಾಗಿ ಹೊಂದುತ್ತದೆ, ಅಕ್ಕನ ಮಗಳಿಗೂ ಅದನ್ನೇ ಹೇಳಿದೆ. ಬ್ಯಾಂಕುಗಳ ತವರು ನಮ್ಮದು. ಕೆನರಾ ಮತ್ತು ಕಾರ್ಪೊರೇಷನ್ ಎರಡೂ 1906ರಲ್ಲಿ, ಒಂದು ಮಂಗಳೂರಿನಲ್ಲಿ ಇನ್ನೊಂದು ಉಡುಪಿಯಲ್ಲಿ ಹುಟ್ಟಿದ್ದು. ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ಇವುಗಳಲ್ಲಿ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದ ಒಳಗೆ ಹೋಯಿತು. ಮರುವರ್ಷ ಅದೇ ತಾರೀಕಿಗೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಆಗ ಇಲ್ಲಿನ ಹಿರಿಯರಿಗೆ ಆದ ಗಾಬರಿ ಹೊರಗಿನವರಿಗೆ ಅರ್ಥ ಆಗಲಿಕ್ಕಿಲ್ಲ. ಅಪ್ಪನ ಪಿಂಚಣಿ ಬರುತ್ತಿದ್ದ ಬ್ಯಾಂಕಿನ ಬೋರ್ಡೂ ಬದಲಾಯಿತು. ಪಾಸ್‌ಬುಕ್ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿಕೊಂಡು ಹೋಗಿ, ಕೌಂಟರಿನಲ್ಲಿ ನಿಂತು ಕೇಳಿದರು. ಒಳಗಿದ್ದವರು ತಲೆ ಎತ್ತಿ ‘ಎಂತ ಇಲ್ಲ ಸಾರ್, ಬೋರ್ಡು ಮಾತ್ರ ಬದಲು, ನಾನು ಇಲ್ಲೇ ಇರ್ತೇನೆ’ ಅಂದರು. ಅಪ್ಪ ನಗುತ್ತಾ ಮನೆಗೆ ಬಂದರು. ಅದೇ ವರ್ಷದ ಫೆಬ್ರವರಿಯಲ್ಲಿ ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತ್ತು, ಬ್ಯಾಂಕು ಮುಳುಗಿದರೂ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಷ್ಟರವರೆಗೆ ಹಣ ಸಿಗುತ್ತದೆ ಅಂತ. ನಾನು ಅದನ್ನು ಎರಡು ಸಲ ವಿವರಿಸಿ ಹೇಳಿದೆ. ಅಪ್ಪ ಹೂಂ ಹೂಂ ಅಂದರು. ಅವರ ಹೆದರಿಕೆ ಇಳಿದದ್ದು ‘ನಾನು ಇಲ್ಲೇ ಇರ್ತೇನೆ’ಯಿಂದ. ಆ ಮನುಷ್ಯನಿಗೆ ಆರು ತಿಂಗಳಲ್ಲಿ ವರ್ಗ ಆಯಿತು, ಅದು ಬೇರೆ ವಿಷಯ.

‘ಎಂತ ಇಲ್ಲ.’ ಈ ಎರಡು ಪದದ ಬಗ್ಗೆ ಒಂದು ಇಡೀ ಪುಸ್ತಕ ಬರೆಯಬಹುದು. ಬಿದ್ದು ಮೊಣಕಾಲು ಕೆತ್ತಿಸಿಕೊಂಡ ಮಗುವಿಗೆ ಎಂತ ಇಲ್ಲ, ಬೈಕು ಗುದ್ದಿದಾಗ ಎದ್ದು ನಿಂತು ಎಂತ ಇಲ್ಲ, ರಿಪೋರ್ಟು ನೋಡಿ ಡಾಕ್ಟರು ಎಂತ ಇಲ್ಲ. ಬೆಂಗಳೂರಿನ ಗೆಳತಿಯೊಬ್ಬಳು, ನಿಮ್ಮಲ್ಲಿ ಏನಾದರೂ ಆದಾಗಲೇ ಎಂತ ಇಲ್ಲ ಅಂತೀರಲ್ಲ ಅಂತ ನಗಾಡುತ್ತಿದ್ದಳು. ಅವಳು ಹೇಳಿದ್ದು ಸರಿ. ಅದು ಸುದ್ದಿ ಹೇಳುವ ಮಾತೇ ಅಲ್ಲ, ಬೆನ್ನು ತಟ್ಟುವ ಮಾತು.

ತುಳುವಿನಲ್ಲಿ ಇನ್ನೂ ಒಂದು ಮೆಟ್ಟಿಲು ಮೇಲೆ. ಕೋಲದ ರಾತ್ರಿ ದೈವದ ಎದುರು ಕಷ್ಟ ಹೇಳಿಕೊಂಡು ಕೈಮುಗಿದು ನಿಂತವರು ಕಾಯುವುದು ಒಂದೇ ನುಡಿಗೆ. ‘ಪೋಡ್ಯೊಡ್ಚಿ, ಯಾನ್ ಉಲ್ಲೆ.’ ಹೆದರಬೇಡಿ, ನಾನಿದ್ದೇನೆ. ಅಭಯ ಅಂತ ನಾವು ಕರೆಯುವುದು ಅದನ್ನೇ. ಭಯಕ್ಕೆ ಕಾರಣ ಇಲ್ಲ ಅಂತ ದೈವ ವಾದ ಮಾಡುವುದಿಲ್ಲ. ಆಪತ್ತು ಇರಲಿ, ನಾನೂ ಇದ್ದೇನೆ ಅನ್ನುತ್ತದೆ. ಇದನ್ನು ಇಂಗ್ಲಿಷಿಗೆ ತರಬೇಕಾದರೆ ಅಲೇ ಬಳಸುವ ಹಾಗೇ ಇಲ್ಲ, ಅದು ರೀಅಶ್ಯೂರ್‌ನ ಜಾಗ.

ಇಷ್ಟೆಲ್ಲ ತಲೆಗೆ ತುಂಬಿಕೊಂಡು ಮತ್ತೆ ಆ ಸಾಲಿಗೆ ಬಂದೆ. ‘ಈ ಮಾಹಿತಿ ನಿಮಗೆ ಧೈರ್ಯ ತುಂಬಲಿ’ ಅಂತ ಬರೆದೆ. ಅಪ್ಪನಿಗೆ ತೋರಿಸಿದೆ. ‘ಕಾಗದ ಹೇಗೆ ಧೈರ್ಯ ತುಂಬ್ತದೆ, ಮನುಷ್ಯ ಬೇಕಲ್ಲ’ ಅಂದರು. ಅದೂ ಹೌದು. ‘ನಿಮ್ಮ ಭಯಗಳು ದೂರವಾಗಲಿ’ ಅಂತ ಬರೆದೆ. ‘ಭಯಗಳು’ ಅಂತ ನಾವು ಹೇಳುವುದಿಲ್ಲವಲ್ಲ, ನಮಗೆ ಭಯ ಒಂದೇ. ಇಂಗ್ಲಿಷಿನವರು ‘ಫಿಯರ್ಸ್’ ಅಂತ ಬಹುವಚನದಲ್ಲಿ ಯಾಕೆ ಹೇಳುತ್ತಾರೆ ಅಂತ ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ. ಬಹುವಚನ ಹೊಡೆದು ಹಾಕಿ ಮಲಗಿದೆ.

ಆಪರೇಷನ್ ಹಿಂದಿನ ದಿನ ಮಂಗಳೂರಿಗೆ ಹೊರಟೆವು, ಅಕ್ಕನ ಮನೆಗೆ. ಎಕ್ಸ್‌ಪ್ರೆಸ್ ಬಸ್ಸು, ಧಾರಾಕಾರ ಮಳೆ. ಪಡುಬಿದ್ರಿ ದಾಟುವವರೆಗೆ ಅಪ್ಪ ಸುಮ್ಮನೆ ಕೂತಿದ್ದರು. ಮೂಲ್ಕಿ ಸೇತುವೆ ಬಂದಾಗ ಕೇಳಿದರು, ‘ಅಲ್ಲ, ನಂಗೆ ಕೆಮ್ಮು ಬಂದರೆ?’

‘ಎಂತ?’

‘ಕಣ್ಣಿನ ಒಳಗೆ ಅವರ ಸಾಮಾನು ಇರುವಾಗ ನಂಗೆ ಕೆಮ್ಮು ಬಂದರೆ ಎಂತ ಮಾಡುವುದು?’

ನಾನು ಆ ಮಾಹಿತಿ ಪತ್ರವನ್ನು ಹತ್ತು ಸಲ ಓದಿದ್ದೆ. ಪೊರೆ ಅಂದರೆ ಕಣ್ಣ ಮೇಲೆ ಬೆಳೆಯುವ ಪದರ ಅಲ್ಲ, ಕಣ್ಣಿನ ಒಳಗಿನ ಮಸೂರವೇ ಮಂಜಾಗುವುದು ಅಂತ ಅದರಲ್ಲಿತ್ತು. ಮರಗಟ್ಟಲು ಹನಿ ಹಾಕುತ್ತಾರೆ, ರೆಪ್ಪೆ ಮುಚ್ಚದ ಹಾಗೆ ಸಣ್ಣ ಕ್ಲಿಪ್ಪು ಇಡುತ್ತಾರೆ, ಎರಡು ಮೂರು ಮಿಲಿಮೀಟರಿನ ಗಾಯ, ಹಳೆ ಮಸೂರವನ್ನು ಅಲ್ಟ್ರಾಸೌಂಡಿನಿಂದ ಪುಡಿ ಮಾಡಿ ಹೀರಿ ತೆಗೆದು ಹೊಸತನ್ನು ಮಡಚಿ ಒಳಗೆ ಬಿಡುತ್ತಾರೆ, ಹೆಚ್ಚಾಗಿ ಹೊಲಿಗೆ ಬೇಡ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಎಲ್ಲ ಇತ್ತು. ಕೆಮ್ಮಿನ ಬಗ್ಗೆ ಒಂದು ಅಕ್ಷರ ಇರಲಿಲ್ಲ. ನಾನು ಇಷ್ಟು ದಿನ ಅಪ್ಪನಿಗೆ ನೋವಿನ ಹೆದರಿಕೆ ಅಂತ ತಿಳಿದು ‘ನೋವಾಗುವುದಿಲ್ಲ ಅಪ್ಪ’ ಅಂತ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ. ಅವರಿಗೆ ನೋವಿನದ್ದು ಚಿಂತೆಯೇ ಇರಲಿಲ್ಲ. ಅವರ ಹೆದರಿಕೆ ತನ್ನಿಂದ ತಪ್ಪಾದರೆ ಅಂತ. ಡಾಕ್ಟರ ಕೈ ಕೆಡಿಸಿದರೆ ಅಂತ. ಮೇಷ್ಟ್ರ ಹೆದರಿಕೆ ಅದು.

ಮರುದಿನ ಬೆಳಿಗ್ಗೆ ಹಸಿರು ಗೌನು ಹಾಕಿಸಿ, ತಲೆಗೆ ಟೊಪ್ಪಿ ಕಟ್ಟಿಸಿ ಸಾಲಾಗಿ ಕೂರಿಸಿದರು. ಬಲಗಣ್ಣಿನ ಮೇಲೆ ಹಣೆಯಲ್ಲಿ ಸಣ್ಣ ಸ್ಟಿಕ್ಕರು, ಯಾವ ಕಣ್ಣು ಅಂತ ತಪ್ಪಬಾರದಲ್ಲ. ಐದೈದು ನಿಮಿಷಕ್ಕೆ ಹನಿ. ಡಾಕ್ಟರು ಬಂದು ಎಲ್ಲರಿಗೂ ಒಟ್ಟಿಗೆ ‘ಹೆದರುವಂಥದ್ದು ಎಂತ ಇಲ್ಲ ಆಯ್ತಾ’ ಅಂದು ಒಳಗೆ ಹೋದರು. ಅಪ್ಪನ ಕಾಲು ಅಲ್ಲಾಡುತ್ತಲೇ ಇತ್ತು. ಹನಿ ಹಾಕಲು ಬಂದ ಸಿಸ್ಟರಿಗೆ ನಾನೇ ಕೆಮ್ಮಿನ ವಿಷಯ ಹೇಳಿದೆ. ಅವರು ನಗಲಿಲ್ಲ. ಅಪ್ಪನ ಎದುರು ಕುಕ್ಕರಗಾಲಿನಲ್ಲಿ ಕೂತು, ಅವರ ಮಂಡಿ ಮೇಲೆ ಕೈಯಿಟ್ಟು ತುಳುವಿನಲ್ಲಿ ನಿಧಾನ ಹೇಳಿದರು. ಕೆಮ್ಮು ಬರುವ ಹಾಗಾದರೆ ತಲೆ ಅಲ್ಲಾಡಿಸಬೇಡಿ, ಬಾಯಲ್ಲಿ ಹೇಳಿ, ಡಾಕ್ಟರು ಕೈ ಹೊರಗೆ ತೆಗೀತಾರೆ, ನೀವು ಬೇಕಾದಷ್ಟು ಕೆಮ್ಮಿ, ಆಮೇಲೆ ಮುಂದುವರಿಸುವುದು. ದಿನಾ ಯಾರಾದರೊಬ್ಬರು ಕೆಮ್ಮುತ್ತಾರೆ. ಇಷ್ಟು ಹೇಳಿ ಏಳುವಾಗ, ‘ಪೋಡ್ಯೊಡ್ಚಿ ಅಜ್ಜೆರೆ, ಯಾನ್ ಉಲ್ಲೆ.’

ನಾನು ಅಪ್ಪನ ಕಾಲು ನೋಡುತ್ತಿದ್ದೆ. ಪೂರ್ತಿ ನಿಲ್ಲಲಿಲ್ಲ. ಆದರೆ ನಿಧಾನವಾಯಿತು, ಹೊಲಿಗೆ ಮೆಷಿನ್ನಿನ ಪೆಡಲು ಬಿಟ್ಟ ಮೇಲೂ ನಾಲ್ಕು ಸುತ್ತು ತಿರುಗುತ್ತದಲ್ಲ, ಹಾಗೆ. ಅಲೇ ಎಂಬ ಪದ ಕಣ್ಣಿಗೆ ಕಾಣುವುದಾದರೆ ಹೀಗಿರಬೇಕು ಅಂದುಕೊಂಡೆ. ಆ ಬಹುವಚನವೂ ಆಗ ತಲೆಗೆ ಹೋಯಿತು. ನಾನು ಇಳಿಸಲು ನೋಡುತ್ತಿದ್ದದ್ದು ಅವರ ತಲೆ ಮೇಲೆ ಇಲ್ಲದ ಹೊರೆ.

ಒಳಗೆ ಹೋಗಿ ಇಪ್ಪತ್ತೈದು ನಿಮಿಷದಲ್ಲಿ ಹೊರಗೆ ಬಂದರು, ಕಣ್ಣಿಗೆ ಪಟ್ಟಿ, ಕೈಯಲ್ಲಿ ಚಾ. ‘ಒಂದು ಸಲವೂ ಕೆಮ್ಮಲಿಲ್ಲ’ ಅಂದರು, ಪದಕ ಗೆದ್ದವರ ಹಾಗೆ.

ಅಂದು ರಾತ್ರಿ ಅಕ್ಕನ ಮನೆಯಲ್ಲಿ ಕೂತು ಮಾಹಿತಿ ಪತ್ರ ಮುಗಿಸಿದೆ. ಕೊನೆಯ ಸಾಲು ಹೀಗಾಯಿತು: ‘ಇದನ್ನು ಓದಿದ ಮೇಲೆ ನಿಮ್ಮ ಹೆದರಿಕೆ ಸ್ವಲ್ಪ ಇಳಿದಿರಬಹುದು. ಇನ್ನೂ ಏನಾದರೂ ಉಳಿದಿದ್ದರೆ ಅದು ಯಾವುದು ಅಂತ ಸಿಸ್ಟರ ಹತ್ತಿರ ಹೇಳಿ.’ ಇಂಗ್ಲಿಷಿನಲ್ಲಿ ಎರಡನೇ ವಾಕ್ಯ ಇಲ್ಲ, ಸೇರಿಸಿದ್ದು ನಾನು. ಕೆಮ್ಮಿನ ಬಗ್ಗೆಯೂ ಒಂದು ಸಾಲು ಸೇರಿಸಬಹುದಾ ಅಂತ ಕೇಳಿ ಮೇಲ್ ಹಾಕಿದೆ. ಕೆಮ್ಮು ಒಪ್ಪಿದರು. ಕೊನೆಯ ಸಾಲನ್ನು ಮಾತ್ರ ಅಚ್ಚಿಗೆ ಹೋಗುವಾಗ ಯಾರೋ ‘ನಿಮ್ಮ ಭಯವನ್ನು ಹೋಗಲಾಡಿಸುತ್ತದೆ’ ಅಂತ ತಿದ್ದಿದ್ದಾರೆ. ಇರಲಿ, ಹಣ ಬಂದಿದೆ.

ಮರುದಿನ ಪಟ್ಟಿ ತೆಗೆಸಿ, ಕಪ್ಪು ಕನ್ನಡಕ ಹಾಕಿಕೊಂಡು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಮಳೆ ಬಿಟ್ಟಿತ್ತು. ಅಪ್ಪ ದೂರದಿಂದ ಬರುವ ಬಸ್ಸುಗಳ ಬೋರ್ಡನ್ನು ಗಟ್ಟಿಯಾಗಿ ಓದಲು ಶುರುಮಾಡಿದರು. ಕಟೀಲು. ತಲಪಾಡಿ. ಕಿನ್ನಿಗೋಳಿ. ಪಕ್ಕದಲ್ಲಿ ನಿಂತ ಹೆಂಗಸು ಇವರನ್ನು ಕಂಡಕ್ಟರ್ ಅಂತ ತಿಳಿದು ಸುರತ್ಕಲ್ಲಿಗೆ ಯಾವುದು ಅಂತ ಕೇಳಿದರು. ಅದಕ್ಕೂ ಉತ್ತರ ಕೊಟ್ಟರು. ಉಡುಪಿ ಬಸ್ಸು ಬಂದು ಹತ್ತಿ ಕೂತ ಮೇಲೆ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದು, ನನ್ನ ಕಡೆ ತಿರುಗಿದರು.

‘ಎಡಗಣ್ಣಿಗೆ ಯಾವಾಗ ಅಂದಿದ್ದಾರೆ?’

‘ಇನ್ನೊಂದು ಎರಡು ತಿಂಗಳು ಹೋಗಲಿ ಅಂದರು. ಯಾಕೆ, ಹೆದರಿಕೆ ಆಗ್ತದಾ?’

‘ಛೆ, ಎಂತ ಹೆದರಿಕೆ. ಆ ದಿನವೂ ಆ ಸಿಸ್ಟರಿಗೆ ಡ್ಯೂಟಿ ಇರ್ತದಾ ಅಂತ ಒಮ್ಮೆ ಫೋನ್ ಮಾಡಿ ಕೇಳಿ ಇಡು.’